ಅಜ್ಜಿ ಪೈಲಟ್ ಹೇಳದ ಮಾತು

ಫೆಬ್ರವರಿ 6, ಗುರುವಾರ. ಮಧ್ಯಾಹ್ನ 1.20

ಹಲ್ಲಿನ ಲ್ಯಾಬು. ಬೆಳಗಿನಿಂದ ಒಂಬತ್ತು ಹಲ್ಲು ಮಾಡಿದೆ. ಆರು ಒಂಟಿ ಕ್ಯಾಪು, ಮೂರರದ್ದೊಂದು ಬ್ರಿಡ್ಜ್. ಫರ್ನೇಸ್ ತಣ್ಣಗಾಗುವವರೆಗೆ ಕೈಗೆ ಕೆಲಸವಿಲ್ಲ. ಉಳಿದವರೆಲ್ಲ ಊಟಕ್ಕೆ ಹೋಗಿದ್ದಾರೆ. ಶೆಲ್ಫಿನ ತುಂಬ ಪ್ಲಾಸ್ಟರಿನ ಬಾಯಿಗಳು, ಎಲ್ಲ ಆ ಎಂದುಕೊಂಡು ಕೂತಿವೆ. ಒಮ್ಮೊಮ್ಮೆ ಬೈಯುತ್ತಿರುವ ಹಾಗೆ ಕಾಣುತ್ತವೆ. ಈಗೀಗ ಸ್ವಲ್ಪ ಜಾಸ್ತಿಯೇ.

ಅಕ್ಕನ ಮೇಜು ಹಾಗೇ ಇದೆ. ಲ್ಯಾಂಪಿನ ಮೇಲೆ ಬಟ್ಟೆ. ಯಜಮಾನರು ಇವತ್ತು ಮತ್ತೆ ಹೇಳಿದರು — "ಅಲ್ಲಿ ಬೆಳಕು ಚೆನ್ನಾಗಿದೆ, ನೀವೇ ಕೂತ್ಕೊಳ್ಳಿ. ಇನ್ಮೇಲೆ ಸೀನಿಯರ್ ನೀವೇ ಅಲ್ವಾ?" ಇಲ್ಲೇ ಸರಿ ಸಾರ್ ಎಂದೆ. ಒಳ್ಳೆಯವಳ ಹಾಗೆ ಎಂದೆ. ಮೆಚ್ಚಿಕೊಂಡು ತಲೆಯಾಡಿಸಿದರು.

ಬರೆದುಬಿಡುತ್ತೇನೆ. ಇಲ್ಲಲ್ಲದೆ ಇನ್ನೆಲ್ಲಿ. ಅಕ್ಕನ ಕೈ ನಡುಗುತ್ತಿದೆ ಎಂದು ಯಜಮಾನರಿಗೆ ಹೇಳಿದವಳು ನಾನು. ಡಿಸೆಂಬರ್ 30, ಪ್ಲಾಸ್ಟರ್ ರೂಮಿನಲ್ಲಿ, ಬಾಗಿಲು ಮುಂದಕ್ಕೆಳೆದುಕೊಂಡು. ಜನವರಿ 3ಕ್ಕೆ ಅಕ್ಕನನ್ನು ಕರೆದು "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ" ಎಂದರು. ಇಪ್ಪತ್ತೆರಡು ವರ್ಷ ಕೂತ ಮೇಜು. ಯಾರೋ ಡಾಕ್ಟರು ದೂರು ಕೊಟ್ಟಿರಬೇಕು ಎಂದು ಅಕ್ಕ ತಿಳಿದುಕೊಂಡಿದ್ದಾಳೆ. ನಾನು ಹೌದು ಅನ್ನಲಿಲ್ಲ. ಅಲ್ಲ ಅನ್ನಲೂ ಇಲ್ಲ.

ಫರ್ನೇಸ್ ಕೂಗಿತು.

ಫೆಬ್ರವರಿ 9, ಭಾನುವಾರ. ಸಂಜೆ

ಕ್ಲಬ್ಬು, ನಮ್ಮ ಆಕಾಶನೌಕೆ ಸಿನಿಮಾ ಸರಣಿಯ ಅಭಿಮಾನಿಗಳದು. ಸೈಕಲ್ ಅಂಗಡಿಯ ಮೇಲಿನ ರೂಮು, ಹನ್ನೊಂದು ಕುರ್ಚಿ, ಹದಿನಾಲ್ಕು ಜನ. ಸರಣಿಯ ಏಳನೇ ಸಿನಿಮಾಕ್ಕೆ ಮಾರ್ಚ್ 23ರ ಬೆಳಗಿನ ಶೋ ಇಡೀ ಬುಕ್ ಆಗಿದೆ. ನಮ್ಮ ಅಧ್ಯಕ್ಷರು ರಿಟೈರಾದ ಬಸ್ ಡ್ರೈವರ್, ಎಲ್ಲರ ಬಾಯಲ್ಲೂ ಕ್ಯಾಪ್ಟನ್. ಆಕಾಶನೌಕೆಯ ಬಗ್ಗೆ ಮಾತಾಡುವಾಗಲೂ ಕೈ ಗೇರ್ ಹುಡುಕುತ್ತಿರುತ್ತದೆ. ಅವತ್ತಿನ ದಿನಕ್ಕೊಂದು ಪುಸ್ತಿಕೆ ಮಾಡೋಣ ಎಂದರು. "ಸರಣಿ ನನಗೆ ಕಲಿಸಿದ್ದೇನು" — ತಲೆಗೊಂದು ಪುಟ. ಒಂದೇ ಷರತ್ತು, ಸಿನಿಮಾದಲ್ಲಿ ಇರುವುದೇ ಆಗಿರಬೇಕು.

ಅವರದೇ ಮೊದಲು — ನಮ್ಮ ನೌಕೆಗೆ ರಿವರ್ಸ್ ಗೇರ್ ಇಲ್ಲ, ನುಗ್ಗುವ ಮುಂಚೆ ಯೋಚನೆ ಮಾಡು. ನರ್ಸಮ್ಮನದು ಚೆನ್ನಾಗಿತ್ತು. ಎರಡನೇ ಭಾಗದ ರೋಬಾಟ್ ಬಾಗಿಲು ಹಾಕುವ ಮುಂಚೆ ಐದರಿಂದ ಹಿಂದಕ್ಕೆ ಎಣಿಸುತ್ತದಲ್ಲ, ಅದನ್ನು ನೋಡಿದ ಮೇಲೆ ಸೂಜಿ ಚುಚ್ಚುವ ಮುಂಚೆ ಅವರೂ ಎಣಿಸುತ್ತಾರಂತೆ. ಜನ ಬೆಚ್ಚಿಬೀಳುವುದು ಕಮ್ಮಿ ಆಗಿದೆಯಂತೆ. ಟೈಲರು ಸರಣಿಯ ಖಳನಾಯಕನನ್ನು ಹಿಡಿದುಕೊಂಡರು: "ಬೂದಿರಾಜನ ನಿಲುವಂಗಿಗೆ ಜೇಬೇ ಇಲ್ಲ. ಜೇಬಿಲ್ಲದ ಗಿರಾಕೀನ ನಂಬ್ಬೇಡಿ." ನಕ್ಕು ನಕ್ಕು ಸಾಕಾಯಿತು.

ನನ್ನ ಸರದಿ. ಮೊದಲ ಭಾಗದ ಸೀನು ಹೇಳಿದೆ. ಹುಡುಗಿ ಮೊದಲ ಸಲ ನೌಕೆಯ ಹಿಡಿಕೆ ಹಿಡಿದಿದ್ದಾಳೆ, ಹೆದರಿದ್ದಾಳೆ. ಅಜ್ಜಿ ಪೈಲಟ್ ಅವಳ ಕಡೆ ಬಾಗಿ ಹೇಳುತ್ತಾಳೆ: "ಕೈ ನಡುಗಿದ್ರೆ ನಡುಗ್ಲಿ ಬಿಡು. ಹಿಡ್ಕೊಂಡಿರೋದರ ಬೆಲೆ ನಡುಗೋ ಕೈಗೇ ಗೊತ್ತು."

ನರ್ಸಮ್ಮ ಕಣ್ಣೊರೆಸಿಕೊಂಡರು. ಟೈಲರು ಈ ಮಾತನ್ನೇ ಬ್ಯಾನರ್ ಮೇಲೆ ಕಸೂತಿ ಹಾಕುತ್ತೇನೆ ಎಂದರು. ಕ್ಯಾಪ್ಟನ್ ಪುಸ್ತಿಕೆಯ ಮುಖಪುಟಕ್ಕೇ ಇರಲಿ ಎಂದರು.

ಯಾವ ಬಾಯಲ್ಲಿ ಹೇಳಿದೆನೋ! ಆರು ವಾರದ ಹಿಂದೆ ನಡುಗುವ ಕೈಯ ಮೇಲೆ ಚಾಡಿ ಹೇಳಿದ ಬಾಯಿ. ಮನೆಗೆ ಬರುವಾಗ ಬಸ್ಸಿನಲ್ಲಿ ಹೊಳೆಯಿತು.

ಫೆಬ್ರವರಿ 12, ಬುಧವಾರ

ಮುಂದಿನ ಹಲ್ಲೊಂದು ವಾಪಸ್ ಬಂತು. ಚೌಕದ ಕ್ಲಿನಿಕ್ಕಿನ ಡಾಕ್ಟರಮ್ಮ ಚೀಟಿ ಬರೆದಿದ್ದಾರೆ: "ಅಳತೆ ಸರಿ, ಬಣ್ಣ ಸರಿ, ಆದರೂ ಸುಳ್ಳು ಅನ್ನಿಸುತ್ತೆ. ನಿಮ್ಮ ಅಕ್ಕ ರಜದಲ್ಲಿದ್ದಾರಾ?"

ಅಕ್ಕ ಆಗಿದ್ದರೆ ವಾಪಸ್ ಬರುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಲ್ಲು ಮಾಡಿದರೆ ಬಚ್ಚಲ ಟೈಲ್ಸಿನ ಹಾಗಿರುತ್ತಿತ್ತು. ಅಕ್ಕ ನೋಡಿ, "ನಮ್ಮ ತಗಡಮ್ಮನ್ನ ಮರ್ತೆಯೇನೇ?" ಎಂದಳು. ತಗಡಮ್ಮ ಅಂದರೆ ಸರಣಿಯ ನೌಕೆ, ಅಕ್ಕ ಇಟ್ಟ ಹೆಸರು. "ಬೇರೆ ಸಿನಿಮಾದಲ್ಲಿ ಎಲ್ಲ ಫಳಫಳ ಅಂತಿರುತ್ತೆ, ನಂಬಿಕೆ ಬರಲ್ಲ. ತಗಡಮ್ಮಂಗೆ ಹೊಗೆ ಹಿಡಿದಿದೆ, ಬಾಗಿಲು ಸೊಟ್ಟ, ಒಂದು ಕಡೆ ತೇಪೆ. ಅದಕ್ಕೇ ಅದು ನಿಜ್ವಾಗ್ಲೂ ಹಾರುತ್ತೆ. ಹಲ್ಲೂ ಅಷ್ಟೇ ಕಣೆ. ಇಷ್ಟು ವರ್ಷ ಕಾಫಿ ಕುಡಿದಿರೋ ಹಲ್ಲು ಮಾಡು." ಕುಂಚದ ತುದಿಯಲ್ಲಿ ಕೂದಲೆಳೆಯಷ್ಟು ಕಂದು ಗೆರೆ ಎಳೆದಳು. ಹಲ್ಲು ಬದುಕಿಬಿಟ್ಟಿತು.

ಇವತ್ತು ಅದೇ ಗೆರೆ ಎಳೆದೆ. ಮೂರು ಸಲ ಒರೆಸಿ ಮತ್ತೆ ಎಳೆದೆ. ನನ್ನ ಕೈ ನಡುಗುವುದಿಲ್ಲ. ಆದರೂ ಬರಲಿಲ್ಲ.

ಫೆಬ್ರವರಿ 15, ಶನಿವಾರ. ಮಧ್ಯಾಹ್ನ

ಅಕ್ಕನ ಮನೆಗೆ ಹೋಗಿದ್ದೆ. ಭಾವ ಕೆಲಸಕ್ಕೆ ಹೋಗಿದ್ದರು. ಲೋಟದಲ್ಲಿ ಅರ್ಧ ಮಾತ್ರ ಕಾಫಿ ಹಾಕಿಕೊಳ್ಳುತ್ತಾಳೆ ಈಗ, ಚೆಲ್ಲದ ಹಾಗೆ. ನನಗೆ ತುಂಬ ಕೊಟ್ಟಳು. ನರದ ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ, ನೋಡಬೇಕು ಎಂದಳು. ಅಡುಗೆಮನೆಯ ಮೇಜಿನ ಮೇಲೆ ಮೇಣದ ಮುದ್ದೆ, ಒಂದು ಸಣ್ಣ ಚಾಕು. ಬಾಚಿಹಲ್ಲು ಕೆತ್ತಿದ್ದಾಳೆ. ಅಂಚು ಹರಕು ಹರಕು. "ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ. ನಂಗೀಗ ಪುರುಸೊತ್ತಿದೆ, ಕೈ ಇಲ್ಲ," ಎಂದು ನಕ್ಕಳು.

ಅವಳು ನಕ್ಕರೆ ನನಗೆ ಸಂಕಟ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅವಳ ಫೋನು. ಚೌಕದ ಡಾಕ್ಟರಮ್ಮ. ಅಕ್ಕ ನೋಡಿ ಕಟ್ ಮಾಡಿದಳು. "ಇವಳೇ ಇರ್ಬೇಕು ಕಣೆ ದೂರು ಕೊಟ್ಟೋಳು. ಮಾಡೋದೆಲ್ಲ ಮಾಡಿ ಈಗ ಹೇಗಿದ್ದೀರಾ ಅಂತ ಫೋನ್ ಬೇರೆ. ಮೂರು ಸಲ ಆಯ್ತು. ಎತ್ತಲ್ಲ ನಾನು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಎದ್ದು ಲೋಟ ತೊಳೆಯಲು ಹೋದೆ. ಅರ್ಧ ಕುಡಿದಿದ್ದ ಲೋಟ.

"ಅವ್ರಲ್ಲ ಅನ್ಸುತ್ತಕ್ಕಾ" ಎಂದೆ, ನಲ್ಲಿಯ ಸದ್ದಿನ ಜೊತೆ. ಅವಳಿಗೆ ಕೇಳಿಸಲಿಲ್ಲ. ಕೇಳಿಸದಿರಲಿ ಅಂತಲೇ ಅಷ್ಟು ಮೆಲ್ಲಗೆ ಹೇಳಿದ್ದು.

ಫೆಬ್ರವರಿ 18, ಮಂಗಳವಾರ

ಲ್ಯಾಬಿಗೆ ಕ್ಯಾಪ್ಟನ್ ಫೋನ್ ಮಾಡಿದರು. ದನಿ ಗಂಭೀರ. ಬಸ್ಸು ಕೆಟ್ಟು ನಿಂತಾಗ ಜನರಿಗೆ ಹೇಳುವ ದನಿ ಇರಬೇಕು.

"ನೋಡಮ್ಮ, ಮುಖಪುಟಕ್ಕೆ ಹಾಕೋ ಮಾತು. ಎಷ್ಟನೇ ನಿಮಿಷದಲ್ಲಿ ಬರುತ್ತೆ ಅಂತ ಕೆಳಗೆ ಹಾಕೋಣ ಅಂತ ಮೊದಲ ಭಾಗ ಹಾಕ್ಕೊಂಡು ಕೂತೆ. ಇಲ್ಲ."

"ಏನಿಲ್ಲ?"

"ಆ ಮಾತೇ ಇಲ್ಲ. ಮೂರು ಸಲ ನೋಡ್ದೆ. ಅಜ್ಜಿ ಪೈಲಟ್ ಬಗ್ಗಿ ಹೇಳೋದು, ಎಡಗಡೆ ಸ್ವಿಚ್ ಹಾಕು ಅಂತ. ಅಷ್ಟೇ."

ಬೇರೆ ಭಾಗದಲ್ಲಿರಬೇಕು ಎಂದೆ. "ಆರೂ ನೋಡ್ದೆ. ಮೂವತ್ತು ವರ್ಷದಲ್ಲಿ ಒಂದು ಸ್ಟಾಪ್ ಬಿಟ್ಟೋನಲ್ಲ ನಾನು," ಎಂದರು.

ನಾನೇನು ಸುಳ್ಳುಗಾತಿಯೇ? ಮೂವತ್ತೈದು ವರ್ಷದಿಂದ ಬಾಯಿಪಾಠ ಆಗಿರುವ ಮಾತು. ಪರೀಕ್ಷೆಗೆ ಹೋಗುವಾಗ, ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಮೊದಲ ಹಲ್ಲು ಮಾಡುವಾಗ — ಎಲ್ಲದಕ್ಕೂ ಅದೇ.

ಫೆಬ್ರವರಿ 19, ಬುಧವಾರ. ಸಂಜೆ 6.30

ನೋಡಿದೆ. ಆ ಸೀನು ಮಾತ್ರ. ಎಡಗಡೆ ಸ್ವಿಚ್ ಹಾಕು.

ಹುಡುಗಿಯ ಕೈ ಕೂಡ ನಡುಗುವುದಿಲ್ಲ. ಕೈಯನ್ನು ತೋರಿಸುವುದೇ ಇಲ್ಲ!

ಎಷ್ಟು ಸಲ ನೋಡಿದ್ದೇನೆ ಈ ಸಿನಿಮಾ. ಆ ಸೀನು ಬಂದ ಕೂಡಲೇ ಕಿವಿಯಲ್ಲಿ ಆ ಮಾತು ತಾನಾಗಿ ಬರುತ್ತಿತ್ತು, ಕೆಳಗೆ ಓಡುವ ಅಕ್ಷರದ ಕಡೆ ಕಣ್ಣೇ ಹೋಗುತ್ತಿರಲಿಲ್ಲ. ಬಾಯಿಗೆ ಬರುವುದನ್ನು ಯಾರು ಓದುತ್ತಾರೆ. ಇವತ್ತು ಕಿವಿಗೊಟ್ಟು ಕೇಳಿಕೊಂಡೆ — ಆ ದನಿ ಯಾರದು? ಅಜ್ಜಿಯದಲ್ಲ. ಹನ್ನೊಂದು ವರ್ಷದ ಹುಡುಗಿಯದು.

ಅಕ್ಕನದು.

ನನಗಾಗ ಏಳು. ಕಣ್ಣು ಮಂಜು, ಕನ್ನಡಕ ಇನ್ನೂ ಬಂದಿರಲಿಲ್ಲ. ನಮ್ಮದಲ್ಲದ ಭಾಷೆಯ ಸಿನಿಮಾ, ಕೆಳಗಿನ ಅಕ್ಷರ ನನಗೆ ಬರೀ ಬಿಳಿ ಇರುವೆ ಸಾಲು. ಅಕ್ಕ ಪಕ್ಕದಲ್ಲಿ ಕೂತು ಕಿವಿಯಲ್ಲಿ ಓದಿ ಹೇಳುತ್ತಿದ್ದಳು. ಮಕ್ಕಳು ಮಾಡಿ ತಂದ ನೌಕೆಗಳನ್ನು ಇಂಟರ್ವಲ್ಲಿನಲ್ಲಿ ಥಿಯೇಟರಿನ ಲಾಬಿಯಲ್ಲಿ ಇಡುತ್ತಿದ್ದರು. ಅಕ್ಕ ಹದಿನೈದು ದಿನ ಕೂತು ರಟ್ಟು, ಪೇಸ್ಟಿನ ಮುಚ್ಚಳ, ಔಷಧಿ ಪಟ್ಟಿಯಲ್ಲಿ ಕಟ್ಟಿದ್ದ ತಗಡಮ್ಮ ನನ್ನ ತೊಡೆಯ ಮೇಲಿತ್ತು. "ನೀನೇ ಹಿಡ್ಕೊ" ಎಂದಿದ್ದಳು. ಕತ್ತಲು, ಆ ಸದ್ದು. ಬೀಳಿಸಿಬಿಡುತ್ತೇನೆ ಅಂತ ನನ್ನ ಕೈ ಗಡಗಡ. ಅಕ್ಕ ನೋಡಿರಬೇಕು. ಅಜ್ಜಿ ಬಾಗಿದಾಗ ಇವಳೂ ನನ್ನ ಕಡೆ ಬಾಗಿದಳು.

ಹಿಡ್ಕೊಂಡಿರೋದರ ಬೆಲೆ ನಡುಗೋ ಕೈಗೇ ಗೊತ್ತು.

ನನಗೆ ಹೇಳಿದ್ದು ಅದು. ನನ್ನ ಕೈಗೆ. ಅವತ್ತು ಬೀಳಿಸಲಿಲ್ಲ.

ಫೆಬ್ರವರಿ 21, ಶುಕ್ರವಾರ

ನ್ಯಾಯ ಮಾಡಿಕೊಳ್ಳೋಣ ಅಂತ ಕೂತೆ. ನನಗೇ ವಕೀಲಿ, ನನಗೇ ತೀರ್ಪು.

ನವೆಂಬರಿನಿಂದ ಅಕ್ಕನ ಕ್ಯಾಪುಗಳ ಅಂಚು ಎದ್ದು ಬರುತ್ತಿತ್ತು. ಅಂಚು ಎದ್ದರೆ ಒಸಡು ಬಾತುಕೊಳ್ಳುತ್ತದೆ, ಇನ್ನೊಬ್ಬರ ಬಾಯಿ ಅದು, ಆಟವಲ್ಲ. ಯಾರಿಗೂ ಕಾಣದ ಹಾಗೆ ನಾನೇ ನಾಲ್ಕು ಸರಿ ಮಾಡಿ ಕಳಿಸಿದೆ. ಹಾಗಾಗಿ ಹೇಳಲೇಬೇಕಿತ್ತು. ಇದು ನನ್ನ ವಕೀಲಿ.

ಆದರೆ ಅವಳಿಗೇ ಹೇಳಬಹುದಿತ್ತು. ಒಂದೂವರೆ ಮಾರು ದೂರದ ಮೇಜು. "ಅಕ್ಕಾ, ಕೈ ನಡುಗ್ತಿದೆ, ಏನ್ಮಾಡೋಣ?" — ಇಷ್ಟೇ. ಅವಳೇ ಬಣ್ಣ ನೋಡುವ ಕೆಲಸಕ್ಕೆ ಹೋಗುತ್ತಿದ್ದಳೋ ಏನೋ, ಕಣ್ಣಿಗೇನು ದಾಡಿ, ಅವಳಂಥ ಕಣ್ಣು ಲ್ಯಾಬಿನಲ್ಲಿ ಯಾರಿಗಿದೆ. ನಾನು ಅವಳ ಬೆನ್ನ ಹಿಂದೆ ಹೋದೆ. ಯಾಕೆ ಅಂತ ನನಗೆ ಗೊತ್ತು, ಬರೆಯಲು ನಾಚಿಕೆ. ಹದಿನೆಂಟು ವರ್ಷದಿಂದ ಆ ಲ್ಯಾಬಿನಲ್ಲಿ ನಾನು "ಅವರ ತಂಗಿ". ಒಳ್ಳೆ ಹಲ್ಲು ಮಾಡಿದರೆ ಅಕ್ಕ ಹೇಳಿಕೊಟ್ಟಿದ್ದು, ಕೆಟ್ಟದಾದರೆ ನನ್ನದು. ಡಿಸೆಂಬರ್ 30ಕ್ಕೆ ಯಜಮಾನರ ಮುಂದೆ ನಿಂತಾಗ ಮನಸ್ಸಿನ ಮೂಲೆಯಲ್ಲಿ ಸಣ್ಣ ಸಂತೋಷ ಇತ್ತು. ಇತ್ತು. ರೋಗಿಗಳ ಒಸಡು ಅದಕ್ಕೆ ನೆಪ.

ಹೇಳಿದ್ದು ತಪ್ಪಲ್ಲ. ಅವಳಿಗೆ ಹೇಳದೆ ಹೇಳಿದ್ದು ತಪ್ಪು. ಆಮೇಲೆ ಡಾಕ್ಟರಮ್ಮನ ತಲೆಗೆ ಅದನ್ನು ಕಟ್ಟಲು ಬಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು. ತೀರ್ಪು ಬರೆದಾಯಿತು. ಶಿಕ್ಷೆ ಯಾರು ಕೊಡುತ್ತಾರೆ.

ಫೆಬ್ರವರಿ 23, ಭಾನುವಾರ

ಕ್ಲಬ್ಬಿನಲ್ಲಿ ಹೇಳಿದೆ. ಮಾತು ಸಿನಿಮಾದ್ದಲ್ಲ, ನನ್ನ ಅಕ್ಕನದು ಎಂದೆ. ನಗುತ್ತಾರೆ, ತೆಗೆದುಹಾಕುತ್ತಾರೆ, ಪೀಡೆ ಕಳೆಯುತ್ತದೆ ಅಂದುಕೊಂಡಿದ್ದೆ. ತೆಗೆಯಲೇಬೇಕು, ಷರತ್ತು ಷರತ್ತೇ ಎಂದರು ಕ್ಯಾಪ್ಟನ್. ಟೈಲರು ಎದ್ದು ನಿಂತುಬಿಟ್ಟರು — "ಅರ್ಧ ಬ್ಯಾನರ್ ಹೊಲ್ದಾಗಿದೆ! ಬಿಚ್ಚೋದು ನೀವಾ?" ನರ್ಸಮ್ಮ ಮಾತ್ರ ಸಮಾಧಾನದಲ್ಲಿ ಕೇಳಿದರು:

"ಸಿನಿಮಾ ನೋಡ್ತಾ ಪಕ್ಕದಲ್ಲಿ ಕೂತೋರು ಹೇಳಿದ್ದೂ ಸಿನಿಮಾನೇ ಅಲ್ವಾ ಕ್ಯಾಪ್ಟನ್? ನಮಗೆಲ್ಲ ಈ ಹುಚ್ಚು ಹಿಡಿಸಿದೋರು ಪಕ್ಕದ ಸೀಟಿನಲ್ಲಿದ್ದೋರೇ ತಾನೇ?"

ಕ್ಯಾಪ್ಟನ್ ಗಲ್ಲ ಕೆರೆದುಕೊಂಡರು. ಅವರಿಗೆ ಯಾರು ನೆನಪಾದರೋ. "ಸರಿ ಹಾಗಾದ್ರೆ. ಮಾತು ಇರ್ಲಿ. ಆದ್ರೆ ಅಕ್ಕನ್ನ ಕರ್ಕೊಂಡು ಬಾಮ್ಮ. ಅವತ್ತು ಬ್ಯಾನರ್ ಕೆಳಗೆ ನಿಲ್ಲಿಸಿ ಎರಡು ಮಾತು ಆಡಿಸೋಣ."

ಎಲ್ಲರೂ ಚಪ್ಪಾಳೆ. ನಾನೂ ತಟ್ಟಿದೆ.

ಮಾರ್ಚ್ 7, ಶುಕ್ರವಾರ

ಹನ್ನೆರಡು ದಿನದಿಂದ ಬರೆದಿಲ್ಲ. ಬರೆದರೆ ಮಾಡಬೇಕಾಗುತ್ತದೆ.

ಮಾರ್ಚ್ 8, ಶನಿವಾರ. ಸಂಜೆ

ಹೋಗಿ ಕರೆದೆ. ಬ್ಯಾನರಿನ ವಿಷಯ ಹೇಳಿದೆ. ಇನ್ನೊಂದು ವಿಷಯ ಹೇಳಲಿಲ್ಲ.

ಅಕ್ಕ ಮೊದಲು ನಂಬಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು. "ಅಯ್ಯೋ, ಅಷ್ಟು ವರ್ಷದಿಂದ ನಂಬ್ಕೊಂಡು ಕೂತಿದ್ದೀಯಾ? ಆ ಅಕ್ಷರಗಳು ಓಡಿಹೋಗ್ತಿದ್ವು ಕಣೆ, ನಂಗೆಲ್ಲಿ ಓದೋಕೆ ಆಗ್ತಿತ್ತು. ಅರ್ಧಕ್ಕರ್ಧ ನಾನೇ ಕಟ್ಟಿ ಹೇಳ್ತಿದ್ದೆ."

"ಅರ್ಧಕ್ಕರ್ಧ?"

"ಮತ್ತೆ? ಕೊನೇಲಿ ಬೂದಿರಾಜ ಏನಂತಾನೆ ಹೇಳು ನೋಡೋಣ."

ಹೇಳಿದೆ. ಬೂದಿರಾಜ ಗಾಯವಾಗಿ ಬಿದ್ದಿದ್ದಾನೆ, ಮುಖವಾಡದ ಒಳಗೆ ಗೊಣಗುತ್ತಾನೆ: ನಾನೇ ಮಾಡಿದ್ದು, ಎಲ್ಲ ನಾನೇ ಮಾಡಿದ್ದು, ತಪ್ಪಾಯ್ತು.

ಅಕ್ಕ ಕಣ್ಣೊರೆಸಿಕೊಳ್ಳುತ್ತ ತಲೆಯಾಡಿಸಿದಳು. "ನಿಮ್ ವಂಶ ನಿರ್ವಂಶ ಆಗ್ಲಿ ಅಂತ ಶಾಪ ಹಾಕಿ ಸಾಯ್ತಾನೆ ಅವನು. ನೀನು ಒಂದೇ ಸಮ ಅಳ್ತಿದ್ದೆ. ಇಷ್ಟು ಕೆಟ್ಟೋನು ಹಾಗೇ ಸತ್ರೆ ನಿಂಗೆ ರಾತ್ರಿ ನಿದ್ದೆ ಬರಲ್ಲ ಅಂತ ಅವನ ಬಾಯಲ್ಲಿ ತಪ್ಪಾಯ್ತು ಅನ್ನಿಸ್ದೆ. ತಪ್ಪು ಒಪ್ಕೊಂಡ ಅಂದ ತಕ್ಷಣ ನೀನು ಅಳು ನಿಲ್ಲಿಸ್ಬಿಟ್ಟೆ. ಪಾಪ ಅಂದೆ ಅವನಿಗೆ!"

ಈಗಲೇ ಹೇಳು, ಈಗಲೇ, ಬಾಗಿಲು ತೆಗೆದಿಟ್ಟಿದ್ದಾಳೆ. ಬಾಯಿ ತೆರೆದೆ. "ಯಾವ ಬಟ್ಟೆ ಹಾಕ್ಕೋತೀಯಾ ಅವತ್ತು?" ಎಂದೆ.

ಥೂ.

ಮಾರ್ಚ್ 16, ಭಾನುವಾರ

ಬ್ಯಾನರ್ ಬಂತು. ನೀಲಿ ಬಟ್ಟೆ, ಬೆಳ್ಳಿ ದಾರ. ಒಂದು ಹೊಲಿಗೆ ಬೇಕಂತಲೇ ಸ್ವಲ್ಪ ಸೊಟ್ಟ ಬಿಟ್ಟಿದ್ದಾರೆ ಟೈಲರು — ತಗಡಮ್ಮನ ಪಾಠ, ನಾನು ಹೇಳಿದ್ದು ಕೇಳಿ. ಕೆಳಗೆ ಅಕ್ಕನ ಹೆಸರು.

ಒಂದು ಯೋಚನೆ ಬಂತು, ಹೊಲಸು ಯೋಚನೆ. ಅವತ್ತು ಹೇಗೂ ಅಷ್ಟು ಜನ ಚಪ್ಪಾಳೆ ತಟ್ಟುತ್ತಾರೆ, ಅಕ್ಕ ಖುಷಿಯಾಗುತ್ತಾಳೆ, ಅಲ್ಲಿಗಲ್ಲಿಗೆ ಸರಿಹೋಗಲಿಲ್ಲವೇ? ಹೇಳಿ ಯಾಕೆ ನೋಯಿಸಬೇಕು? ಅರ್ಧ ದಿನ ಈ ಯೋಚನೆಯನ್ನು ಬಾಯಲ್ಲಿಟ್ಟುಕೊಂಡು ಓಡಾಡಿದೆ. ನುಂಗಲಾಗಲಿಲ್ಲ. ಅದೇ ಡಾಕ್ಟರಮ್ಮ ನಿನ್ನೆ ಲ್ಯಾಬಿಗೇ ಬಂದಿದ್ದರು. "ನಿಮ್ಮಕ್ಕ ಯಾಕಮ್ಮ ನನ್ನ ಫೋನ್ ಎತ್ತಲ್ಲ? ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಕೇಳಿದರು. ಅರವತ್ತು ದಾಟಿದ ಹೆಂಗಸು.

ನನ್ನನ್ನು ಕೇಳುತ್ತಾರೆ, ನನ್ನಿಂದ ತಪ್ಪಾಯ್ತಾ ಅಂತ.

ಚಪ್ಪಾಳೆಗೆ ಮುಂಚೆ ಹೇಳಬೇಕು. ಆಮೇಲೆ ಅಲ್ಲ. ಬ್ಯಾನರ್ ಕೆಳಗೆ ನಿಲ್ಲುವುದೋ ಬಿಡುವುದೋ, ನಾನು ಯಾರು ಅಂತ ತಿಳಿದುಕೊಂಡು ಅವಳೇ ತೀರ್ಮಾನ ಮಾಡಲಿ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 9.35

ಅಕ್ಕನ ಮನೆ, ಅಡುಗೆಮನೆಯ ಮೇಜು. ಶೋ ಹನ್ನೊಂದಕ್ಕೆ. ಭಾವ ಕೆಳಗೆ ಕಾರು ಒರೆಸುತ್ತಿದ್ದಾರೆ. ಅಕ್ಕ ಒಳಗೆ ಗುಂಡಿ ಹಾಕಿಕೊಳ್ಳುತ್ತಿದ್ದಾಳೆ. ಸಹಾಯಕ್ಕೆ ಹೋದರೆ ಬಾಗಿಲು ಹಾಕಿಕೊಂಡಳು — "ಇನ್ನೂ ಅಷ್ಟು ಕೆಟ್ಟಿಲ್ಲ, ನಡಿ." ಹತ್ತು ನಿಮಿಷ ಎಂದಳು. ಹದಿನೈದಾಯಿತು.

ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಹೇಗೆ ಶುರು ಮಾಡಲಿ. ಬಸ್ಸಿನಲ್ಲಿ ಬರುತ್ತ ಏಳೆಂಟು ಥರ ಕಟ್ಟಿದೆ. "ನಿನ್ನ ಒಳ್ಳೇದಕ್ಕೇ ಅಕ್ಕಾ" — ಇದು ಬೇಡ. "ರೋಗಿಗಳ ದೃಷ್ಟಿಯಿಂದ" — ಇದೂ ಬೇಡ. ಬೂದಿರಾಜನ ಹಾಗೆ ಹೇಳಿದರೆ ಸಾಕು, ಅಕ್ಕ ಕಟ್ಟಿದ ಬೂದಿರಾಜನ ಹಾಗೆ.

ಬಂದಳು. ಮೇಲಿನ ಗುಂಡಿ ಪಕ್ಕದ ತೂತಿಗೆ ಹೋಗಿದೆ. ಎದುರಿಗೆ ಕೂತಳು. "ಏನೇ ಅದು ಅಷ್ಟೊಂದು ಬರೀತಿದ್ದೀಯಾ? ಭಾಷಣಾನಾ? ತೋರ್ಸು."

ಪುಸ್ತಕ ಅವಳ ಕಡೆ ತಿರುಗಿಸಿದೆ. ನಾನೇ ತಿರುಗಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ನನ್ನ ಕಡೆ ತಳ್ಳಿದಳು. "ಕನ್ನಡಕ ಬ್ಯಾಗಲ್ಲಿ ಪ್ಯಾಕಾಗಿದೆ. ಬರೀ ಇರುವೆ ಸಾಲು. ನೀನೇ ಓದಿ ಹೇಳು."

ಇರು ಅಕ್ಕಾ, ಈ ಎರಡು ಸಾಲು ಮುಗಿಸ್ತೀನಿ ಎಂದಿದ್ದೇನೆ. ಗಲ್ಲಕ್ಕೆ ಕೈ ಕೊಟ್ಟು ಕಾಯುತ್ತಿದ್ದಾಳೆ. ಏನು ಓದಿದರೂ ನಂಬುತ್ತಾಳೆ. ಅವಳ ಹಾಗೆ ನಾನೂ ಕಟ್ಟಿ ಹೇಳಬಹುದು.

ಪೆನ್ನು ಹಿಡಿದ ಕೈ ನಡುಗುತ್ತಿದೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ನಡುಗಲಿ. ಫೆಬ್ರವರಿ 6ರ ಪುಟ ತೆಗೆದು, ಒಂದಕ್ಷರವನ್ನೂ ಬಿಡದೆ